ಧವಳ ಗ್ರಂಥದ ಗುಪ್ತ ಪ್ರತಿ: ಅಚೌರ್ಯ ವ್ರತದ ಬೆಳಕಿನಲ್ಲಿ ಒಂದು ಅವಲೋಕನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ನಮ್ಮ ಪೂರ್ವಿಕರು ಕೊಟ್ಟ ಸ್ಥಾನ ಅಸಾಧಾರಣವಾದುದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ತಾಳೆಗರಿಯ ಕಟ್ಟುಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ದುಡಿಮೆಯೆಂಬುದನ್ನು ಊಹಿಸಿಕೊಳ್ಳಬಹುದು. ಹೀಗೆ ಪ್ರತಿ ಮಾಡುವುದನ್ನೇ ಪುಣ್ಯಕಾರ್ಯವೆಂದು ಎಣಿಸಿದ ಸಮಾಜ ನಮ್ಮದು. ಹಾಗಿರುವಾಗ, ಒಬ್ಬರು ಬರೆದುದನ್ನು ಇನ್ನೊಬ್ಬರು ಪ್ರತಿ ಮಾಡಿಕೊಳ್ಳುವುದು ಯಾವಾಗ ದಾನ, ಯಾವಾಗ ಚೌರ್ಯ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನನ್ನ ಮಟ್ಟಿಗೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಿಂದ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಬಸದಿಯ ಶಾಸನವನ್ನು ಕುರಿತು ನಾನು ಬರೆದಿದ್ದ ಲೇಖನವು ಬೇರೊಂದು ಊರಿನ ಪಂಚಕಲ್ಯಾಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಕ್ಷರಶಃ ಅಚ್ಚಾಗಿರುವುದನ್ನು ಕಂಡೆ. ಲೇಖಕನ ಹೆಸರು ಇರಲಿಲ್ಲ. ಮೊದಲು ಎಲ್ಲಿ ಪ್ರಕಟವಾಯಿತೆಂಬ ಸೂಚನೆಯೂ ಇರಲಿಲ್ಲ. ಇವೆರಡನ್ನೂ ಸಹಿಸಿಕೊಳ್ಳಬಹುದಿತ್ತೇನೋ, ಆದರೆ ಶಾಸನದ ಶಕವರ್ಷದಲ್ಲಿ ಒಂದು ಅಂಕೆ ತಪ್ಪಾಗಿ ಬಿದ್ದಿತ್ತು. ಮುಂದೆ ಆ ತಪ್ಪು ವರ್ಷವನ್ನೇ ಮತ್ತಿಬ್ಬರು ಉದ್ಧರಿಸಿದರು. ಆಗ ನನಗೆ ಬಂದ ಕೋಪದಲ್ಲಿ ಸತ್ಯದ ಕಾಳಜಿ ಎಷ್ಟು, ಹೆಸರಿನ ಮೋಹ ಎಷ್ಟು ಎಂಬುದನ್ನು ನಾನೇ ಪ್ರಾಮಾಣಿಕವಾಗಿ ಬೇರ್ಪಡಿಸಲಾರದೆ ಹೋದೆ. ಆ ದಿನಗಳಲ್ಲಿಯೇ ಧವಳ ಗ್ರಂಥದ ಪ್ರತಿಗಳು ಮೂಡುಬಿದಿರೆಯಿಂದ ಹೊರಬಂದ ಇತಿಹಾಸವನ್ನು ಮತ್ತೊಮ್ಮೆ ಓದಿದೆ. ನಮ್ಮ ಸಮಾಜದಲ್ಲಿ ಅನುಮತಿಯಿಲ್ಲದೆ ಪ್ರತಿ ಮಾಡಿದ ಪ್ರಸಂಗಗಳಲ್ಲಿ ಇದರಷ್ಟು ದೊಡ್ಡದೂ ಇದರಷ್ಟು ಜಟಿಲವಾದುದೂ ಇನ್ನೊಂದಿಲ್ಲ. ಅದನ್ನು ವಾಚಕರ ಮುಂದಿಟ್ಟು, ಅದರಿಂದ ಇಂದಿಗೆ ದೊರೆಯುವ ವಿವೇಕವನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಸಿದ್ಧಾಂತ ಬಸದಿಯ ನಿಧಿ

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಂದಿಗೇ ಶ್ರುತಜ್ಞಾನವು ಅಳಿಯಬಾರದೆಂದು ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಉಪದೇಶಿಸಿದರೆಂದೂ, ಆ ಇಬ್ಬರಿಂದ ಷಟ್ಖಂಡಾಗಮವು ಗ್ರಂಥರೂಪ ಪಡೆಯಿತೆಂದೂ ದಿಗಂಬರ ಪರಂಪರೆ ಹೇಳುತ್ತದೆ. ಅದು ಪೂರ್ಣಗೊಂಡು ಪೂಜೆಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯನ್ನೇ ನಾವು ಶ್ರುತಪಂಚಮಿಯೆಂದು ಆಚರಿಸುತ್ತೇವೆ. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಈ ಆಗಮದ ಮೊದಲ ಐದು ಖಂಡಗಳಿಗೆ 72,000 ಶ್ಲೋಕ ಪ್ರಮಾಣದ ಧವಳ ಟೀಕೆಯನ್ನು ರಚಿಸಿದರು. ಕಷಾಯಪ್ರಾಭೃತದ ಮೇಲೆ ಅವರು ಆರಂಭಿಸಿದ ಜಯಧವಳ ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು ಪೂರ್ಣಗೊಳಿಸಿದರು. ಆರನೆಯ ಖಂಡವಾದ ಮಹಾಬಂಧವು ಮಹಾಧವಳವೆಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಕಾಲಕ್ರಮದಲ್ಲಿ ಈ ಮೂರೂ ಮಹಾಗ್ರಂಥಗಳು ಬೇರೆ ಎಲ್ಲಿಯೂ ದೊರೆಯದಂತಾಗಿ, ಮೂಡುಬಿದಿರೆಯ ಗುರುಬಸದಿಯಲ್ಲಿ ಮಾತ್ರ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಕೊಂಡವು. ಆ ಕಾರಣದಿಂದಲೇ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಬಂದಿತು. ಈ ಪ್ರತಿಗಳ ಪ್ರಶಸ್ತಿಗಳಲ್ಲಿ ಕಾಣುವ ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಧವಳದ ಒಂದು ಪ್ರತಿಯನ್ನು ದೇಮಿಯಕ್ಕ ಎಂಬ ಶ್ರಾವಿಕೆಯು ಶ್ರುತಪಂಚಮಿ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಅಂತಹುದೇ ವ್ರತದ ನಿಮಿತ್ತ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಬರೆಯಿಸಿದವರು ಯಾರು, ಪಡೆದವರು ಯಾರು, ಯಾವ ನಿಮಿತ್ತ ಎಂಬ ಮೂರೂ ಗ್ರಂಥದ ಮೈಮೇಲೆಯೇ ಬರೆಯಲ್ಪಟ್ಟಿವೆ. ಶಾಸ್ತ್ರದಾನವೆಂದರೆ ಇದು. ಅಲ್ಲಿ ಮುಚ್ಚಿಡುವಂಥದು ಏನೂ ಇಲ್ಲ.

ಅನಂತರದ ಶತಮಾನಗಳಲ್ಲಿ ಈ ಗರಿಗಳು ಓದುವ ಗ್ರಂಥಗಳಾಗಿ ಉಳಿಯದೆ ದರ್ಶನದ ವಸ್ತುಗಳಾದವು. ಯಾತ್ರಿಕರು ರತ್ನಬಿಂಬಗಳೊಂದಿಗೆ ಇವುಗಳ ದರ್ಶನವನ್ನೂ ಪಡೆದು, ಕೈಮುಗಿದು ಮರಳುತ್ತಿದ್ದರು. ಲಿಪಿಯನ್ನು ಓದಬಲ್ಲವರು ವಿರಳವಾದರು. ಗರಿಗಳು ಒಣಗಿ ಮುರಿಯತೊಡಗಿದವು. ಇಷ್ಟಾಗಿಯೂ ಒಂದು ಮಾತನ್ನು ಮರೆಯುವಂತಿಲ್ಲ. ರಾಜ್ಯಗಳು ಏಳುತ್ತ ಬೀಳುತ್ತ ಇದ್ದ ದೀರ್ಘಕಾಲದಲ್ಲಿ ಈ ಗರಿಗಳನ್ನು ಬೆಂಕಿ, ನೀರು, ಗೆದ್ದಲುಗಳಿಂದ ಉಳಿಸಿಕೊಂಡು ಬಂದವರು ಮೂಡುಬಿದಿರೆಯ ಮಠದವರೂ ಅಲ್ಲಿನ ಶ್ರಾವಕರೂ. ಅವರು ಕಾಪಾಡದಿದ್ದರೆ ಮುಂದಿನವರಿಗೆ ಪ್ರತಿ ಮಾಡಲು ಏನೂ ಇರುತ್ತಿರಲಿಲ್ಲ.

ಇಪ್ಪತ್ತಾರು ವರ್ಷಗಳ ಲೇಖನಕಾರ್ಯ

1883ರ ಸುಮಾರಿಗೆ ಮುಂಬಯಿಯ ಸೇಠ್ ಮಾಣಿಕಚಂದರು ಸಂಘಸಮೇತ ಯಾತ್ರೆಗೆಂದು ಮೂಡುಬಿದಿರೆಗೆ ಬಂದರು. ಗರಿಗಳ ಜೀರ್ಣಾವಸ್ಥೆಯನ್ನು ಕಂಡ ಅವರಿಗೆ ಚಿಂತೆ ಹುಟ್ಟಿತು. ಇವನ್ನು ಓದಬಲ್ಲವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೆಂದು ಅವರಿಗೆ ತಿಳಿದುಬಂದಿತು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರೊಂದಿಗೆ ಅವರು ಈ ವಿಷಯವನ್ನು ವಿಚಾರಿಸಿದರು. ಹೀರಾಚಂದರೂ ಮೂಡುಬಿದಿರೆಗೆ ಬಂದು ಗ್ರಂಥದ ಆರಂಭಭಾಗವನ್ನು ಶಾಸ್ತ್ರಿಗಳಿಂದ ಓದಿಸಿ ಕೇಳಿದರು. ಮುಂದೆ ಹಲವು ವರ್ಷಗಳ ಪ್ರಯತ್ನದಿಂದ ಸಮಾಜದ ಗಣ್ಯರಿಂದ ನಿಧಿ ಸಂಗ್ರಹವಾಗಿ, ಮಠದ ಒಪ್ಪಿಗೆ ದೊರೆತು, 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಈ ಕಾರ್ಯಕ್ಕೆ ನಿಯುಕ್ತರಾದರು. ಬ್ರಹ್ಮಸೂರಿ ಶಾಸ್ತ್ರಿಗಳು ಸ್ವಲ್ಪ ಕಾಲದಲ್ಲಿಯೇ ಸ್ವರ್ಗಸ್ಥರಾದುದರಿಂದ ಧವಳ, ಜಯಧವಳಗಳ ನಾಗರಿ ಪ್ರತಿಯ ಭಾರವೆಲ್ಲ ಗಜಪತಿ ಉಪಾಧ್ಯಾಯರ ಮೇಲೆಯೇ ಬಿದ್ದಿತು. ಕನ್ನಡ ಲಿಪಿಯ ಪ್ರತಿಗಳನ್ನು ಸ್ಥಳೀಯ ವಿದ್ವಾಂಸರು ಸಿದ್ಧಪಡಿಸಿದರು. ಮಹಾಬಂಧದ ಪ್ರತಿಯೂ ಸೇರಿ ಒಟ್ಟು ಕಾರ್ಯವು 1922ರ ಹೊತ್ತಿಗೆ, ಅಂದರೆ ಸುಮಾರು 26 ವರ್ಷಗಳ ಅನಂತರ ಮುಗಿಯಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 20,000 ರೂಪಾಯಿ.

ಇಷ್ಟೆಲ್ಲ ಆದರೂ ಹೊಸ ಪ್ರತಿಗಳು ಮೂಡುಬಿದಿರೆಯಲ್ಲಿಯೇ ಉಳಿದವು. ಅವು ಹೊರಗೆ ಹೋದರೆ ಕ್ಷೇತ್ರದ ಮಹಿಮೆ ಕುಂದೀತೆಂಬ ಅಳುಕು ಅಲ್ಲಿನವರಿಗಿತ್ತು. ಗ್ರಂಥವು ಜೀರ್ಣವಾಗದಂತೆ ಪ್ರತಿ ಮಾಡುವುದಕ್ಕೆ ಅವರು ಒಪ್ಪಿದ್ದರೇ ಹೊರತು, ಆ ಪ್ರತಿಯು ಹೊರಗೆ ಸಂಚರಿಸುವುದಕ್ಕೆ ಒಪ್ಪಿರಲಿಲ್ಲ. ಅನುಮತಿಗೆ ಹೀಗೊಂದು ಮೇರೆಯಿತ್ತೆಂಬುದು ನಮ್ಮ ವಿಚಾರಕ್ಕೆ ಮುಖ್ಯವಾದುದು. ಪ್ರತಿ ಮಾಡುವವನು ಆ ಮೇರೆಯನ್ನು ತಿಳಿದೇ ಲೇಖನಿ ಹಿಡಿದಿದ್ದನು.

ಗುಪ್ತ ಪ್ರತಿ ಮತ್ತು ಇಬ್ಬರು ಸೇಠರ ನಿರಾಕರಣೆ

ಗಜಪತಿ ಉಪಾಧ್ಯಾಯರು ಹಗಲೆಲ್ಲ ಬಸದಿಯಲ್ಲಿ ನಾಗರಿ ಪ್ರತಿಯನ್ನು ಬರೆಯುತ್ತಿರುವಾಗಲೇ, ವಿದುಷಿಯಾಗಿದ್ದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಪ್ತವಾಗಿ ಸಿದ್ಧಪಡಿಸಿಕೊಂಡರು. ಧವಳ ಮತ್ತು ಜಯಧವಳಗಳಂತಹ ಗ್ರಂಥಗಳನ್ನು ಎರಡನೆಯ ಸಲ ಬರೆಯುವುದು ಎಂತಹ ಪರಿಶ್ರಮವೆಂಬುದನ್ನು ಹೇಳಬೇಕಾಗಿಲ್ಲ. ಅದರಲ್ಲಿ ಶ್ರುತಭಕ್ತಿಯೂ ಇದ್ದಿರಬಹುದು, ದ್ರವ್ಯದ ಆಸೆಯೂ ಇದ್ದಿರಬಹುದು. ಮನುಷ್ಯನ ಮನಸ್ಸಿನಲ್ಲಿ ಎರಡೂ ಒಟ್ಟಿಗೆ ವಾಸಿಸಬಲ್ಲವು.

ಪ್ರತಿ ಸಿದ್ಧವಾದ ಮೇಲೆ ಉಪಾಧ್ಯಾಯರು ಅದನ್ನು ಕೊಂಡೊಯ್ದು ಹೀರಾಚಂದರಿಗೂ ಮಾಣಿಕಚಂದರಿಗೂ ತೋರಿಸಿದರು, ಪುರಸ್ಕಾರವನ್ನು ನಿರೀಕ್ಷಿಸಿದರು. ಇಡೀ ಭಾರತದಲ್ಲಿ ಈ ಗ್ರಂಥಗಳು ಹೊರಬರಬೇಕೆಂದು ಎಲ್ಲರಿಗಿಂತ ಹೆಚ್ಚಾಗಿ ಹಂಬಲಿಸಿದವರು ಈ ಇಬ್ಬರೇ. ಅದಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದವರು, ಹಣ ಕೂಡಿಸಿದವರು. ಬಯಸಿದ ಗ್ರಂಥವು ತಾನಾಗಿಯೇ ಮನೆಯ ಬಾಗಿಲಿಗೆ ಬಂದು ನಿಂತಿತ್ತು. ಆದರೂ ಇಬ್ಬರೂ ಅದನ್ನು ಸ್ವೀಕರಿಸಲಿಲ್ಲ. ಮಠದವರ ವಿಶ್ವಾಸವನ್ನು ಮುರಿದು ತಂದುದನ್ನು ಕೊಳ್ಳುವುದು ನೀತಿಗೆ ಸಲ್ಲದೆಂದು ಅವರು ಭಾವಿಸಿದರು.

ನಮ್ಮ ಸಮಾಜದ ಆಧುನಿಕ ಇತಿಹಾಸದಲ್ಲಿ ಈ ನಿರಾಕರಣೆಗೆ ದೊರೆಯಬೇಕಾದಷ್ಟು ಗೌರವ ದೊರೆತಿಲ್ಲವೆಂದು ನನ್ನ ಅಭಿಪ್ರಾಯ. ಗೃಹಸ್ಥನ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಕದಿಯುವವನನ್ನು ಪ್ರೇರಿಸುವುದನ್ನು ಮಾತ್ರವಲ್ಲದೆ, ಕದ್ದು ತಂದುದನ್ನು ಕೊಳ್ಳುವುದನ್ನೂ ಎಣಿಸಿದ್ದಾರೆ. ಅದಕ್ಕೆ ತದಾಹೃತಾದಾನವೆಂದು ಹೆಸರು. ಬಂಗಾರ ಬೆಳ್ಳಿಗಳ ವ್ಯವಹಾರದಲ್ಲಿ ಇದನ್ನು ಪಾಲಿಸುವ ವರ್ತಕನು, ಶಾಸ್ತ್ರದ ವಿಷಯ ಬಂದಾಗ, ಉದ್ದೇಶ ಒಳ್ಳೆಯದಲ್ಲವೇ ಎಂದು ತನಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳುವ ಸಂಭವವಿದೆ. ಆ ಇಬ್ಬರು ವರ್ತಕರು ಅಂತಹ ವಿನಾಯಿತಿಯನ್ನು ಬೇಡಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಪಾಧ್ಯಾಯರು ತಮ್ಮ ಪ್ರತಿಯನ್ನು ಸಹಾರನಪುರಕ್ಕೆ ಕೊಂಡೊಯ್ದರು. ಅಲ್ಲಿ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಪ್ರತಿಷ್ಠಾಪಿಸಿದರು. ಉತ್ತರದವರಿಗೆ ಕನ್ನಡ ಲಿಪಿ ತಿಳಿಯದಾದ್ದರಿಂದ ಅದರ ನಾಗರಿ ಪ್ರತಿಯೊಂದು ಬೇಕಾಯಿತು. ಕನ್ನಡ ಬಲ್ಲ ವಿಜಯಚಂದ್ರಯ್ಯ ಎಂಬವರು ಓದುತ್ತಿರಲು ಪಂಡಿತ ಸೀತಾರಾಮ ಶಾಸ್ತ್ರಿಗಳು ಬರೆಯುತ್ತ ಹೋಗಿ 1923ರ ಸುಮಾರಿಗೆ ಆ ಕೆಲಸವನ್ನು ಮುಗಿಸಿದರು. ಆಶ್ಚರ್ಯದ ಸಂಗತಿಯೆಂದರೆ, ಸೀತಾರಾಮ ಶಾಸ್ತ್ರಿಗಳೂ ತಮಗಾಗಿ ಒಂದು ಪ್ರತಿಯನ್ನು ಇಟ್ಟುಕೊಂಡರು. ಗುಪ್ತವಾಗಿ ಬಂದುದು ಮತ್ತೆ ಗುಪ್ತವಾಗಿಯೇ ಹೊರಟಿತು. ಅವರ ಪ್ರತಿಯಿಂದ ಇನ್ನಷ್ಟು ಪ್ರತಿಗಳಾಗಿ ಆರಾ, ಕಾರಂಜಾ, ಅಮರಾವತಿ ಮೊದಲಾದ ಸ್ಥಳಗಳ ಗ್ರಂಥಭಂಡಾರಗಳನ್ನು ಸೇರಿದವು. ಮೂಡುಬಿದಿರೆಯಲ್ಲಿ ಬೀಗದೊಳಗಿದ್ದ ಆಗಮವು ಅಷ್ಟರಲ್ಲಿ ಉತ್ತರದ ಅನೇಕ ನಗರಗಳಲ್ಲಿತ್ತು.

ಮುದ್ರಣ ಮತ್ತು ಒಂದು ಕಾಣೆಯಾದ ಪದ

ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ್ ಜೈನರು ಈ ಪ್ರತಿಗಳ ಆಧಾರದಿಂದ ಧವಳಸಹಿತ ಷಟ್ಖಂಡಾಗಮವನ್ನು ಸಂಪಾದಿಸಲು ಮುಂದಾದರು. ಭೇಲಸಾದ ಶಿತಾಬರಾಯ್ ಲಕ್ಷ್ಮೀಚಂದ್ರರ ದಾನದಿಂದ ಜೈನ ಸಾಹಿತ್ಯೋದ್ಧಾರಕ ನಿಧಿ ಸ್ಥಾಪಿತವಾಯಿತು. ಮೊದಲ ಸಂಪುಟವು 1939ರಲ್ಲಿ ಹೊರಬಂದಿತು. ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆಯವರೂ ಈ ಮಹತ್ಕಾರ್ಯದಲ್ಲಿ ಸಹಕರಿಸಿದರು. ಮುಂದಿನ ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳು ಪ್ರಕಟವಾದವು.

ಡಾ. ಹೀರಾಲಾಲರು ಮಾಡಿದ ಒಂದು ಕೆಲಸ ಇಲ್ಲಿ ಉಲ್ಲೇಖನೀಯ. ತಮ್ಮ ಕೈಗೆ ಬಂದ ಪ್ರತಿಗಳ ಮೂಲವನ್ನು ಅವರು ಮುಚ್ಚಿಡಲಿಲ್ಲ. ಯಾರು ಎಲ್ಲಿ ಹೇಗೆ ಪ್ರತಿ ಮಾಡಿದರು, ಯಾವುದು ಯಾವುದರಿಂದ ಹುಟ್ಟಿತು, ಯಾರು ನಿರಾಕರಿಸಿದರು, ಯಾರು ಸ್ವೀಕರಿಸಿದರು ಎಂಬ ಇತಿಹಾಸವನ್ನೆಲ್ಲ ಮೊದಲ ಸಂಪುಟದ ಪ್ರಸ್ತಾವನೆಯಲ್ಲಿಯೇ ಬರೆದರು. ಮೂಡುಬಿದಿರೆಯ ಮೂಲಪ್ರತಿಯನ್ನು ನೋಡದೆ ಪಾಠವು ಪೂರ್ಣವಾಗಿ ಶುದ್ಧವಾಗದೆಂಬ ಅರಿವೂ ಅವರಿಗಿತ್ತು. ಮುದ್ರಿತ ಸಂಪುಟವನ್ನು ಕಂಡ ಮೇಲೆ ಮೂಡುಬಿದಿರೆಯ ಭಟ್ಟಾರಕರೂ ಅಲ್ಲಿನ ಧರ್ಮದರ್ಶಿಗಳೂ ಉದಾರಮನಸ್ಸಿನಿಂದ ತಾಳೆಗರಿಗಳೊಂದಿಗೆ ಪಾಠವನ್ನು ಹೋಲಿಸಿ ನೋಡಲು ಅವಕಾಶವಿತ್ತರು. ಅಲ್ಲಿಯ ಪಂಡಿತ ಲೋಕನಾಥ ಶಾಸ್ತ್ರಿಗಳು ಆ ಶ್ರಮಸಾಧ್ಯವಾದ ಕೆಲಸದಲ್ಲಿ ನೆರವಾದರು. ಗ್ರಂಥವು ತನ್ನ ಒಡೆಯರ ಸಮ್ಮತಿಯನ್ನು ಹೀಗೆ ತಡವಾಗಿಯಾದರೂ ಪಡೆಯಿತು.

ಈ ಹೋಲಿಕೆಯಿಂದ ಅನೇಕ ಸ್ಖಲನಗಳು ಬೆಳಕಿಗೆ ಬಂದವು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮೊದಲ ಖಂಡದ 93ನೆಯ ಸೂತ್ರಕ್ಕೆ ಸಂಬಂಧಿಸಿದುದು. ಉತ್ತರದ ಪ್ರತಿಗಳಲ್ಲಿ ಆ ಸೂತ್ರದಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಅರ್ಥಸಂಗತಿಯನ್ನು ನೋಡಿದರೆ ಅಲ್ಲಿ ಆ ಪದವಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದ್ದರು. ಮೂಡುಬಿದಿರೆಯ ತಾಳೆಗರಿಯನ್ನು ನೋಡಿದಾಗ ಆ ಪದವು ಅಲ್ಲಿ ಇದ್ದೇ ಇತ್ತು. ‘ಸಂಜದ’ ಎಂದರೆ ಸಂಯತ. ಮನುಷ್ಯಗತಿಯ ಸ್ತ್ರೀಯರಿಗೆ ಸಂಬಂಧಿಸಿದ ಗುಣಸ್ಥಾನಗಳ ವಿಚಾರ ಆ ಒಂದು ಪದದ ಮೇಲೆ ನಿಂತಿದೆಯಾದ್ದರಿಂದ ಅದನ್ನು ಕುರಿತು ವಿದ್ವಾಂಸರಲ್ಲಿ ದೀರ್ಘವಾದ ವಾದವೇ ನಡೆಯಿತು. ಆ ವಾದದ ತೀರ್ಮಾನ ನಮ್ಮ ಪ್ರಕೃತ ವಿಷಯವಲ್ಲ. ಆದರೆ ಪ್ರತಿಯ ಪ್ರತಿಯ ಪ್ರತಿ ಎಂಬ ಸರಪಳಿಯ ಯಾವುದೋ ಒಂದು ಕೊಂಡಿಯಲ್ಲಿ ಜಾರಿಹೋದ ಮೂರು ಅಕ್ಷರಗಳು ಸಿದ್ಧಾಂತದ ಅರ್ಥವನ್ನೇ ಅಲುಗಾಡಿಸಬಲ್ಲವೆಂಬುದು ಮಾತ್ರ ನಮ್ಮ ವಿಷಯವೇ. ಬೆಳಕಿನಲ್ಲಿ ಮಾಡಿದ ಪ್ರತಿಯನ್ನು ಮೂಲದೊಂದಿಗೆ ಕೂಡಲೇ ಹೋಲಿಸಿ ತಿದ್ದಬಹುದು. ಗುಪ್ತವಾಗಿ ಮಾಡಿದ ಪ್ರತಿಯು ಮೂಲದ ಬಳಿಗೆ ಹಿಂದಿರುಗಲಾರದು.

ಫಲ ಒಳ್ಳೆಯದಾದರೆ ಕಾರ್ಯವೂ ಒಳ್ಳೆಯದೇ?

ಇಲ್ಲಿ ವಾಚಕರು ಕೇಳಬಹುದಾದ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ಗಜಪತಿ ಉಪಾಧ್ಯಾಯರು ಆ ಗುಪ್ತ ಪ್ರತಿಯನ್ನು ಮಾಡದಿದ್ದರೆ 1939ರಲ್ಲಿ ಧವಳವು ಅಚ್ಚಾಗುತ್ತಿತ್ತೇ? ಬಹುಶಃ ಇಲ್ಲ. ಹಾಗಾದರೆ ಅವರ ಕಾರ್ಯವನ್ನು ದೋಷವೆನ್ನುವುದು ಕೃತಘ್ನತೆಯಾಗದೇ?

ಉತ್ತರಕ್ಕೆ ಮಹಾಬಂಧದ ಉದಾಹರಣೆಯನ್ನು ನೋಡೋಣ. ಮಹಾಬಂಧದ ಪ್ರತಿಯು ಉಪಾಧ್ಯಾಯರ ಕೈಯಿಂದ ಹೊರಹೋಗಿರಲಿಲ್ಲ. ಅದು ಮೂಡುಬಿದಿರೆಯಲ್ಲಿಯೇ ಇತ್ತು. ಪಂಡಿತ ಸುಮೇರುಚಂದ್ರ ದಿವಾಕರರು ಅದನ್ನು ಅಲ್ಲಿನವರ ಸಮ್ಮತಿಯಿಂದ ಪಡೆದು ಸಂಪಾದಿಸಿದರು. ಭಾರತೀಯ ಜ್ಞಾನಪೀಠವು 1947ರಲ್ಲಿ ಅದರ ಮೊದಲ ಸಂಪುಟವನ್ನು ಪ್ರಕಟಿಸಿತು. ಕದ್ದುದರಿಂದ ಬಂದ ಗ್ರಂಥಕ್ಕೂ ಕೇಳಿ ಪಡೆದ ಗ್ರಂಥಕ್ಕೂ ನಡುವಿನ ಅಂತರ ಕೇವಲ ಎಂಟು ವರ್ಷ. ಧವಳವು ಅಚ್ಚಾದುದನ್ನು ಕಂಡೇ ಅಲ್ಲಿನವರ ಮನಸ್ಸು ಬದಲಾಯಿತೆಂದು ಯಾರಾದರೂ ಹೇಳಿದರೆ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಅವರ ಮನಸ್ಸನ್ನು ಬದಲಾಯಿಸಿದುದು ಗುಪ್ತತೆಯಲ್ಲ, ಡಾ. ಹೀರಾಲಾಲರ ಪ್ರಾಂಜಲತೆ ಮತ್ತು ಗ್ರಂಥದ ಬಗ್ಗೆ ಅವರು ತೋರಿದ ಭಕ್ತಿ. ಪುರಸ್ಕಾರಕ್ಕೆಂದು ಬಾಗಿಲಿಂದ ಬಾಗಿಲಿಗೆ ಹೋದ ಪ್ರತಿಯು ಭಂಡಾರಗಳನ್ನು ತುಂಬಿತು. ತನ್ನ ಮೂಲವನ್ನು ಒಪ್ಪಿಕೊಂಡ ಪ್ರತಿಯು ಸಿದ್ಧಾಂತ ಬಸದಿಯ ಬಾಗಿಲನ್ನು ತೆರೆಸಿತು.

ಶಾಸ್ತ್ರದೃಷ್ಟಿಯಲ್ಲಿಯೂ ಇದನ್ನು ಪರಿಶೀಲಿಸಬಹುದು. ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಆಚಾರ್ಯರ ನಿರ್ಣಯ. ಬರಹವನ್ನು ಪ್ರತಿ ಮಾಡಿದಾಗ ಮೂಲವು ಇದ್ದಲ್ಲಿಯೇ ಇರುತ್ತದೆ, ಯಾರಿಗೂ ಏನೂ ನಷ್ಟವಾಗುವುದಿಲ್ಲವೆಂದು ಕೆಲವರು ವಾದಿಸುತ್ತಾರೆ. ಆದರೆ ಪ್ರಮಾದಯೋಗದಿಂದ, ಎಂದರೆ ಕಷಾಯಕ್ಕೆ ಒಳಗಾದ ಮನಸ್ಸಿನಿಂದ ಮಾಡಿದುದೇ ಚೌರ್ಯವೆಂದು ಟೀಕಾಕಾರರು ಸ್ಪಷ್ಟಪಡಿಸಿದ್ದಾರೆ. ಕಳೆದುಕೊಂಡವನಿಗೆ ಎಷ್ಟು ನಷ್ಟವಾಯಿತೆಂಬುದಕ್ಕಿಂತ ತೆಗೆದುಕೊಂಡವನ ಪರಿಣಾಮ ಎಂತಹುದೆಂಬುದನ್ನೇ ಅವರು ನೋಡುತ್ತಾರೆ. ಬಚ್ಚಿಟ್ಟುಕೊಂಡು ಮಾಡಬೇಕಾಯಿತೆಂಬುದೇ ಆ ಪರಿಣಾಮಕ್ಕೆ ಸಾಕ್ಷಿ.

ಇನ್ನೂ ಒಂದು ವಿಚಾರವಿದೆ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅನಿಹ್ನವವೂ ಒಂದು. ಯಾವ ಗುರುವಿನಿಂದ, ಯಾವ ಶಾಸ್ತ್ರದಿಂದ ಕಲಿತೆವೋ ಅದರ ಹೆಸರನ್ನು ಮುಚ್ಚಿಡದಿರುವುದೇ ಅನಿಹ್ನವ. ಅದೇ ಎಂಟರಲ್ಲಿ ಅಕ್ಷರಶುದ್ಧಿ, ಅರ್ಥಶುದ್ಧಿ ಮತ್ತು ಉಭಯಶುದ್ಧಿಗಳೂ ಸೇರಿವೆ. ಇನ್ನೊಬ್ಬರ ಬರಹವನ್ನು ಹೆಸರಿಲ್ಲದೆ, ತಪ್ಪುಗಳೊಂದಿಗೆ ಅಚ್ಚುಮಾಡುವವನು ಒಂದೇ ಕಾರ್ಯದಿಂದ ಈ ನಾಲ್ಕು ಅಂಗಗಳಿಗೂ ಭಂಗ ತರುತ್ತಾನೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವದೊಂದಿಗೆ ಮಾತ್ಸರ್ಯವನ್ನೂ ಅಂತರಾಯವನ್ನೂ ಹೇಳಲಾಗಿದೆ. ಯೋಗ್ಯನಾದವನಿಗೂ ಜ್ಞಾನವನ್ನು ಕೊಡದಿರುವುದು ಮಾತ್ಸರ್ಯ. ಜ್ಞಾನದ ಪ್ರಸಾರಕ್ಕೆ ಅಡ್ಡಿಮಾಡುವುದು ಅಂತರಾಯ. ಕದಿಯುವವನನ್ನು ದೂಷಿಸುವ ಮೊದಲು, ಕೇಳಿದವರಿಗೆ ನಾವು ಎಂದಾದರೂ ಕೊಟ್ಟಿದ್ದೆವೆಯೇ ಎಂಬುದನ್ನು ಒಡೆಯರಾದವರು ಕೇಳಿಕೊಳ್ಳಬೇಕು. ಮೂಡುಬಿದಿರೆಯವರು ತಮ್ಮ ಅಳುಕನ್ನು ತಾವೇ ಗೆದ್ದು ಗರಿಗಳನ್ನು ತೆರೆದಿಟ್ಟುದರಿಂದ ಆ ಕ್ಷೇತ್ರದ ಮಹಿಮೆ ಕುಂದಲಿಲ್ಲ. ಧವಳದ ಹೆಸರು ಕೇಳಿದವರೆಲ್ಲರೂ ಇಂದು ಮೂಡುಬಿದಿರೆಯನ್ನು ನೆನೆಯುತ್ತಾರೆ.

ಇಂದಿನ ಬರಹಗಾರರಿಗೂ ಸಂಸ್ಥೆಗಳಿಗೂ

ಇಂದು ಪ್ರತಿ ಮಾಡುವುದಕ್ಕೆ 26 ವರ್ಷ ಬೇಕಾಗಿಲ್ಲ. ಒಂದು ಕ್ಷಣ ಸಾಕು. ಆದ್ದರಿಂದಲೇ ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಸ್ಮರಣ ಸಂಚಿಕೆಗಳ ಸಂಪಾದಕರೂ ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಉಚಿತ. ಪುರಾತನ ಆಗಮಗಳೂ ಕಾವ್ಯಗಳೂ ಎಲ್ಲರವು. ಆದರೆ ಅವುಗಳ ಇಂದಿನ ಅನುವಾದ, ವ್ಯಾಖ್ಯಾನ, ಪ್ರಸ್ತಾವನೆಗಳು ಬರೆದವರ ಸ್ವತ್ತು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಜೀವಿತಕಾಲವಿಡೀ, ಅವನು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೂ ಆ ಹಕ್ಕು ಉಳಿಯುತ್ತದೆ. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಕೀರ್ತಿಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ವಿಶೇಷಾಧಿಕಾರವನ್ನು ಆ ಕಾಯಿದೆಯ 57ನೆಯ ಕಲಮು ಲೇಖಕನಿಗೆ ಕೊಟ್ಟಿದೆ. ಧರ್ಮಪ್ರಭಾವನೆಗಾಗಿ ಉಚಿತವಾಗಿ ಹಂಚಿದೆವೆಂಬ ಮಾತು ಹೆಸರನ್ನು ಕೈಬಿಡುವುದಕ್ಕೆ ಸಮರ್ಥನೆಯಾಗದು.

ಬರಹವನ್ನು ಕಳೆದುಕೊಂಡವರೂ ತಮ್ಮ ಕರ್ತವ್ಯವನ್ನು ತಿಳಿದಿರಬೇಕು. ಮೊದಲು ಎರಡೂ ಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ತಮ್ಮದು ಮೊದಲು ಪ್ರಕಟವಾದ ಸಂಚಿಕೆಯನ್ನೂ ದಿನಾಂಕವನ್ನೂ ಗುರುತು ಮಾಡಿಟ್ಟುಕೊಳ್ಳಬೇಕು. ಇಬ್ಬರೂ ಒಂದೇ ಆಕರದಿಂದ ಬರೆದಿರುವ ಸಂಭವವಿದ್ದರೆ ಅದನ್ನೂ ಪರಿಶೀಲಿಸಬೇಕು. ಬಳಿಕ ಸಂಬಂಧಪಟ್ಟವರಿಗೆ ಸೌಮ್ಯವಾಗಿ ಪತ್ರ ಬರೆದು, ಹೆಸರನ್ನು ಸೂಚಿಸಿ ತಪ್ಪನ್ನು ತಿದ್ದಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಕೇಳಬೇಕು. ಅನೇಕ ಸಲ ತಪ್ಪು ದುರುದ್ದೇಶದಿಂದ ಆದುದಲ್ಲ, ಅಜ್ಞಾನದಿಂದ ಆದುದು. ಉತ್ತರ ಬಾರದಿದ್ದರೆ ಆಡಳಿತ ಮಂಡಳಿಯ ಹಿರಿಯರಿಗೆ ತಿಳಿಸಬೇಕು. ಅದೂ ಫಲಿಸದಾಗ ಮಾತ್ರ ಕಾಯಿದೆಯ ಮಾತು. ಕ್ಷಮೆಯೆಂದರೆ ಮೌನವೆಂದು ತಿಳಿಯಬಾರದು. ತಪ್ಪು ಶಕವರ್ಷವನ್ನು ತಿದ್ದದೆ ಬಿಟ್ಟು ಕ್ಷಮಾವಾಣಿಯ ದಿನ ಕೈಮುಗಿದರೆ ನಾನು ದೋಷವನ್ನು ಕ್ಷಮಿಸಿದಂತಾಗುವುದಿಲ್ಲ, ಅದನ್ನು ಬೆಳೆಸಿದಂತಾಗುತ್ತದೆ.

ಇನ್ನು ಹೆಸರಿನ ಮೋಹದ ಮಾತು. ಮೂರ್ಛೆಯೇ ಪರಿಗ್ರಹವೆಂಬುದನ್ನು ನಾವು ಬಲ್ಲೆವು. ಬರೆದವನಿಗೆ ತನ್ನ ಬರಹದ ಮೇಲೆ ಮೂರ್ಛೆ ಹುಟ್ಟುವುದು ಸುಲಭ. ನಾನು ನನಗಾಗಿ ಕಂಡುಕೊಂಡ ಪರೀಕ್ಷೆ ಇಷ್ಟೇ: ಆ ಸಂಚಿಕೆಯಲ್ಲಿ ಹೆಸರಿಲ್ಲದೆಯೂ ಶಕವರ್ಷ ಸರಿಯಾಗಿದ್ದಿದ್ದರೆ ನಾನು ಪತ್ರ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆನೆಂದೇ ನನ್ನ ಉತ್ತರ. ಏಕೆಂದರೆ ಹೆಸರು ಕೇವಲ ಕೀರ್ತಿಯ ಚಿಹ್ನೆಯಲ್ಲ. ಸಂಶಯ ಬಂದ ಓದುಗನು ಮೂಲಕ್ಕೆ ಹಿಂದಿರುಗುವ ದಾರಿ ಅದು. ದೇಮಿಯಕ್ಕ, ಮಲ್ಲಿಕಬ್ಬೆಯರ ಹೆಸರುಗಳು ಗರಿಗಳ ಮೇಲೆ ಉಳಿದುದರಿಂದಲೇ ಆ ಪ್ರತಿಗಳ ಕಾಲದೇಶಗಳನ್ನು ನಾವು ವಿಚಾರಿಸಬಲ್ಲವರಾಗಿದ್ದೇವೆ.

ನನ್ನ ಪತ್ರಕ್ಕೆ ಆ ಸಂಚಿಕೆಯ ಸಂಪಾದಕರು ಎರಡು ವಾರಗಳಲ್ಲಿಯೇ ಉತ್ತರಿಸಿದರು. ಯಾರೋ ಭಕ್ತರು ಕೈಯಲ್ಲಿ ನಕಲು ಮಾಡಿ ತಂದುಕೊಟ್ಟ ಹಾಳೆಗಳವು. ಯಾರ ಬರಹವೆಂದು ತಾವು ಕೇಳಲಿಲ್ಲವೆಂದು ಒಪ್ಪಿಕೊಂಡರು. ಮರುವರ್ಷದ ಸಂಚಿಕೆಯಲ್ಲಿ ತಿದ್ದುಪಡಿ ಅಚ್ಚಾಯಿತು. ಈಗ ಅವರು ಯಾವ ಲೇಖನ ಬಂದರೂ ಮೊದಲು ಕೇಳುವ ಪ್ರಶ್ನೆ, ಇದು ಯಾರದು ಎಂಬುದು. ಹೀರಾಚಂದ ಮಾಣಿಕಚಂದರು ತಮ್ಮ ಬಾಗಿಲಿಗೆ ಬಂದ ಧವಳದ ಮುಂದೆ ಕೇಳಿಕೊಂಡುದೂ ಅದನ್ನೇ. ನಮ್ಮ ಸಂಸ್ಥೆಗಳು ಈ ಒಂದು ಪ್ರಶ್ನೆಯನ್ನು ರೂಢಿ ಮಾಡಿಕೊಂಡರೆ ಶಾಸ್ತ್ರದಾನವು ಶಾಸ್ತ್ರದಾನವಾಗಿಯೇ ಉಳಿದೀತು.